ಮೊದ್ಲು ಮನೆ ಯೂನಿಟ್ ಇಳಿಸ್ದೆ, ಆಮೇಲೆ ಸೋಲಾರ್ ಏರಿಸ್ದೆ: ದಾವಣಗೆರೆಯಿಂದ ನನ್ನ ಅನುಭವ

2025ರ ಫೆಬ್ರವರಿಯಲ್ಲಿ ನಮ್ಮ ಮನೆ ಮಹಡಿ ಮೇಲೆ ಎರಡು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ಕೂರಿಸ್ದೆ. ಒಂದು ವರ್ಷದ ಬಿಲ್ ಕೈಗೆ ಬರೋವರೆಗೂ ಬಾಯಿ ಬಿಡಬಾರ್ದು ಅಂತ ಸುಮ್ನಿದ್ದೆ, ಯಾಕಂದ್ರೆ ದುರ್ಗದಲ್ಲಿರೋ ನಮ್ಮ ಭಾವ, ಅಂಗಡಿ ಎದುರು ಟೀ ಕುಡಿಯೋ ದೋಸ್ತರು, ಎಲ್ರೂ ಸೇರಿ ನನ್ನ ಆಡ್ಕೊಂಡಿದ್ದು ಕಮ್ಮಿ ಇಲ್ಲ. "ಎಲ್ರೂ ಮೂರು ಕಿಲೋವ್ಯಾಟ್ ಹಾಕಿಸ್ತಾರೆ, ಸರ್ಕಾರ 78,000 ಕೊಡುತ್ತೆ, ಇವನು ಫ್ಯಾನ್ ಬಿಚ್ಕೊಂಡು ಕೂತವ್ನೆ" ಅಂತ. ಈಗ ಬಿಲ್ ಎಲ್ಲಾ ಸಾಲಾಗಿ ಐತೆ, ಬರೀತೀನಿ.

ನಂದು ಮೋಟಾರ್ ವೈಂಡಿಂಗ್ ಅಂಗಡಿ, ಇಪ್ಪತ್ತಾರು ವರ್ಷ ಆಯ್ತು. ಕರೆಂಟ್ ಅಳೆಯೋ ಕ್ಲ್ಯಾಂಪ್ ಮೀಟರ್, ಇನ್ಸುಲೇಷನ್ ನೋಡೋ ಮೆಗ್ಗರ್ ಹಿಡಿಯೋದು ನನಗೆ ಯಾರೂ ಹೇಳ್ಕೊಡೋದ್ ಬೇಡ. ಮನೆ ಮೂವತ್ತು ನಲವತ್ತರ ಸೈಟು, ಅಮ್ಮ, ನಾವಿಬ್ರು, ಇಬ್ರು ಮಕ್ಕಳು. ತಿಂಗಳಿಗೆ ಸರಾಸರಿ 275 ಯೂನಿಟ್ ಹತ್ತತ್ರ, ಏಪ್ರಿಲ್‌ನಲ್ಲಿ 310 ದಾಟೋದು. ಗೃಹಜ್ಯೋತಿ ಇದ್ಯಲ್ಲಪ್ಪ ನಿನಗೇನು ಅಂತ ಕೇಳೋರಿದಾರೆ. ಅದು 2022-23ರ ಸರಾಸರಿ ಮೇಲೆ ಲೆಕ್ಕ, 200 ದಾಟಿದ್ರೆ ಇಲ್ಲ, ನಮ್ದು ಆವಾಗ್ಲೇ ದಾಟಿತ್ತು. ಬಿಲ್ ಎರಡು ಸಾವಿರದ ಮೇಲೇ.

ಇದು ತಲೆಗೆ ಹೊಕ್ಕಿದ್ದು ಅಕ್ಕನ ಮಗನಿಂದ. ಅವನು ಇಂಗ್ಲೆಂಡಲ್ಲಿದಾನೆ, ದೀಪಾವಳಿಗೆ ಬಂದಾಗ ಹೇಳ್ದ, "ಮಾವ, ಅಲ್ಲಿ 2010ರಲ್ಲಿ ಸೋಲಾರ್ ಯೂನಿಟ್‌ಗೆ ದುಡ್ಡು ಕೊಡೋ ಸ್ಕೀಮ್ ಶುರು ಮಾಡಿದ್ರು, 2012ರಿಂದ ಮನೆಗೆ ಇಪಿಸಿ ಅಂತ, ಮನೆ ಎಷ್ಟು ಇಂಧನ ಉಳಿಸುತ್ತೆ ಅಂತ ಹೇಳೋ ಸರ್ಟಿಫಿಕೇಟಲ್ಲಿ ಡಿ ಗ್ರೇಡ್ ಆದ್ರೂ ಇರ್ಬೇಕು, ಇಲ್ಲಾಂದ್ರೆ ಪೂರ್ತಿ ರೇಟ್ ಇಲ್ಲ ಅಂದ್ರು". ಎ ಇಂದ ಜಿ ವರೆಗೆ ಗ್ರೇಡಂತೆ, 55ರಿಂದ 68 ಅಂಕ ಬಂದ್ರೆ ಡಿ. ಆ ಸ್ಕೀಮು 2019ರಲ್ಲಿ ಹೊಸಬರಿಗೆ ಮುಚ್ಚೋಯ್ತು, ಅದಿರ್ಲಿ, ಆದ್ರೆ ಮಾತು ನನಗೆ ಹಿಡಿಸ್ತು. ತೂತಿರೋ ಬಿಂದಿಗೆಗೆ ನೀರು ತುಂಬೋಕೆ ಮುಂಚೆ ತೂತು ಮುಚ್ಚು ಅನ್ನೋ ಹಂಗೆ.

ನಮ್ಮಲ್ಲಿ ಮನೆ ಸೋಲಾರಿಗೆ ಸಬ್ಸಿಡಿ ಕೊಡೋ ಕೇಂದ್ರದ ಸ್ಕೀಮ್ ಪಿಎಂ ಸೂರ್ಯಘರ್‌ನಲ್ಲಿ ಇಂಥದ್ದು ಕೇಳಲ್ಲ. ಸ್ವಂತ ಸೂರು, ಕರೆಂಟ್ ಕನೆಕ್ಷನ್, ಹಿಂದೆ ಸೋಲಾರ್ ಪ್ಯಾನೆಲ್‌ಗೆ ಸಬ್ಸಿಡಿ ತಗೊಂಡಿರ್ಬಾರ್ದು, ಇಷ್ಟೇ. ಫ್ರಿಜ್ಜು ಎಸಿಗೆ ಸ್ಟಾರ್ ಕೊಡೋ ಕೇಂದ್ರದ ಸಂಸ್ಥೆ ಬಿಇಇ ಅವ್ರು ಮನೆಗೂ ಸ್ಟಾರ್ ಲೇಬಲ್ ಅಂತ 2019ರಲ್ಲಿ ತಂದ್ರು, ಫ್ರಿಜ್ ಮೇಲಿರೋ ಹಂಗೇ ಒಂದರಿಂದ ಐದು, ನಮ್ಮ ಓಣಿಯಲ್ಲಿ ಒಂದು ಮನೇಗೂ ಇಲ್ಲ, ಸಬ್ಸಿಡಿಗೆ ಬೇಕಾಗೂ ಇಲ್ಲ. ನಾನು ನನ್ನದೇ ಒಂದು ಲೆಕ್ಕ ಹಾಕ್ಕೊಂಡೆ: ವರ್ಷದ ಯೂನಿಟ್ ಭಾಗಿಸು ಮನೆ ಚದರ ಮೀಟರ್. 3,300 ಭಾಗಿಸು 110, ಅಂದ್ರೆ 30. ಅದನ್ನ 15ಕ್ಕೆ ಇಳಿಸಿದ ಮೇಲೇ ಪ್ಯಾನೆಲ್ ಅಂತ ಹಠ ಹಿಡಿದೆ. ಇದು ಇಲಾಖೆ ಲೆಕ್ಕ ಅಲ್ಲ, ಮನೆ ಲೆಕ್ಕ.

ಫ್ಯಾನ್ ಸುಲಭ, ಎಲ್ರಿಗೂ ಗೊತ್ತಿರೋದೇ. ಐದು ಹಳೇವು, 75 ವ್ಯಾಟ್ ಎಳೀತಿದ್ವು, ತೆಗೆದು ಕಮ್ಮಿ ಕರೆಂಟ್ ಎಳೆಯೋ ಬಿಎಲ್‌ಡಿಸಿ ಹಾಕ್ದೆ, ಕ್ಲ್ಯಾಂಪ್ ಹಾಕಿ ನೋಡಿದ್ರೆ 30 ಆಸುಪಾಸು. ಇದ್ರಲ್ಲೂ ದಡ್ಡತನ ಮಾಡ್ದೆ, ಮೊದ್ಲೆರಡು ಹೆಸರಿಲ್ಲದ ಮಾಲು ತಂದೆ 1,600ಕ್ಕೆ, ಆರು ತಿಂಗಳಿಗೆ ಮೋಟಾರ್ ಓಡಿಸೋ ಡ್ರೈವರ್ ಬೋರ್ಡ್ ಸುಟ್ಟು ಎರಡೂ ಗುಜರಿಗೆ. ಆಮೇಲೆ 2,700ರ ಹಂಗೆ ಐದೂ ಒಳ್ಳೇವು ತಂದೆ. ತಿಂಗಳಿಗೆ ಅರವತ್ತು ಯೂನಿಟ್ ಮೇಲೆ ಅಲ್ಲೇ ಉಳೀತು.

ಫ್ರಿಜ್ಜು ಹದಿನೆಂಟು ವರ್ಷದ್ದು, ದಿನಕ್ಕೆ ಎರಡೂವರೆ ಯೂನಿಟ್ ನುಂಗ್ತಿತ್ತು. ಬಾಗಿಲ ರಬ್ಬರ್ ಬದಲಾಯಿಸ್ದೆ, ಗೋಡೆಯಿಂದ ಅರ್ಧ ಅಡಿ ಮುಂದಕ್ಕೆ ಎಳೆದೆ, 1.7ಕ್ಕೆ ಬಂತು, ಆಹಾ ಅಂದ್ಕೊಂಡೆ. ಎರಡು ತಿಂಗಳಿಗೆ ಕಂಪ್ರೆಸರ್ರೇ ಹೋಯ್ತು. ರಬ್ಬರಿಗೆ ಹಾಕಿದ 1,400 ಹೋಯ್ತು ಅಂತ ಮನೆಯವ್ಳು ಇವತ್ತಿಗೂ ಅಂತಾಳೆ. ಹೊಸದು ಮೂರು ಸ್ಟಾರಿಂದು 26,000, ದಿನಕ್ಕೆ ಮುಕ್ಕಾಲು ಯೂನಿಟ್ ಒಳಗೆ. ಒಂದು ಮಾತು, ಸ್ಟಾರ್ ಎಣಿಸೋದಷ್ಟೇ ಅಲ್ಲ, ಲೇಬಲ್ ಯಾವ ಅವಧಿದು ಅಂತ ನೋಡ್ರಿ. ಅಳತೆಗೋಲು ಆಗಾಗ ಬಿಗಿ ಮಾಡ್ತಾರೆ, 2022ರ ಜುಲೈಯಲ್ಲಿ ಎಸಿಗೆ ಬಿಗಿ ಮಾಡ್ದಾಗ ಹಳೇ ಐದು ಸ್ಟಾರು ನಾಲ್ಕಕ್ಕೆ ಇಳೀತು. ಹಳೇ ಸ್ಟಾಕ್ ಹಿಡ್ಕೊಂಡು ಐದು ಸ್ಟಾರ್ ಸಾರ್ ಅಂತ ತೋರಿಸ್ತಾರೆ.

ಈಗ ನಾಚಿಕೆ ವಿಷ್ಯ. ಸಂಪಿನಿಂದ ಟ್ಯಾಂಕಿಗೆ ಎತ್ತೋ ಒಂದು ಎಚ್‌ಪಿ ಮೋಟಾರು, ನಾನೇ ಮೂರು ಸಲ ವೈಂಡಿಂಗ್ ಮಾಡಿದ್ದು, ನನ್ನ ಕೈಯಿಂದು ಅಂತ ಜಂಬ ಬೇರೆ. ಲೋಡ್ ಇಲ್ದೆ ಓಡಿಸಿ ಕ್ಲ್ಯಾಂಪ್ ಹಾಕಿದ್ರೆ ಹೊಸ ಮೋಟಾರ್‌ಗಿಂತ ಒಂದೂವರೆ ಪಟ್ಟು ಕರೆಂಟು! ತಂತಿ ಅಲ್ಲ ತಪ್ಪು. ಹಳೇ ಕಾಯಿಲ್ ಬೇಗ ಕೀಳ್ಬೇಕು ಅಂತ ಕಾಯಿಲ್ ಕೂತಿರೋ ಕಬ್ಬಿಣದ ಸ್ಟೇಟರ್‌ಗೆ ಬೆಂಕಿ ಹಾಕಿ ಸುಡ್ತೀವಲ್ಲ, ಅದ್ರಲ್ಲಿ ತೆಳು ಕಬ್ಬಿಣದ ಸ್ಟ್ಯಾಂಪಿಂಗ್ ಪಟ್ಟಿಗಳ ನಡುವಿನ ಇನ್ಸುಲೇಷನ್ನೇ ಸುಟ್ಟು ಕೋರ್, ಅಂದ್ರೆ ಆ ಕಬ್ಬಿಣವೇ ಬಿಸಿ ಆಗೋಕೆ ಶುರು ಆಗುತ್ತೆ, ಪ್ರತಿ ಸಲ ಸುಟ್ಟಾಗ್ಲೂ ಇನ್ನಷ್ಟು. ಇಪ್ಪತ್ತಾರು ವರ್ಷ ಎಷ್ಟು ಜನರ ಮೋಟಾರ್ ಹಿಂಗೆ ಸುಟ್ಟೆನೋ ಅನಿಸ್ತು. ಅವತ್ತಿಂದ ಅಂಗಡೀಲಿ ಬೆಂಕಿ ಬಂದ್, ಕಾಯಿಲ್ ತಲೆ ಕತ್ತರಿಸಿ ನಿಧಾನಕ್ಕೆ ಕೀಳೋದೇ. ಕೀಳೋಕೆ ಏನ್ ಹಚ್ತೀನಿ ಅಂತ ಮಾತ್ರ ಹೇಳಲ್ಲ, ಅದು ಹೊಟ್ಟೆಪಾಡು. ಮನೆಗೆ ಅರ್ಧ ಎಚ್‌ಪಿದು ಹೊಸದು ತಂದೆ, 6,000 ಚಿಲ್ರೆ.

ಮಹಡಿಗೆ ಸುಣ್ಣ ಬಳಿದಿದ್ದು ಒಂದು ಕಥೆ. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, ರಾತ್ರಿ ಹತ್ತಕ್ಕೂ ಸೀಲಿಂಗ್ ಮುಟ್ಟಿದ್ರೆ ಹಂಚು ಮುಟ್ಟಿದ ಹಂಗೆ. ಮೇ ತಿಂಗಳಲ್ಲಿ ಸುಣ್ಣ ಹೊಡೆಸ್ದೆ, ನಾಲ್ಕನೇ ದಿನಕ್ಕೆ ಅಡ್ಡಮಳೆ ಬಂದು ಅಷ್ಟೂ ಸುಣ್ಣ ಮಳೆನೀರಿನ ಪೈಪಲ್ಲಿ ಇಳಿದು ಸಂಪಿಗೆ. ಆರು ಸಾವಿರ ಲೀಟರ್ ನೀರು ಹಾಲಿನ ಹಂಗೆ! ಅಮ್ಮ ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ. ಎರಡನೇ ಸಲ ಬಿಳಿ ಸಿಮೆಂಟ್ ಸೇರಿಸ್ದೆ, ಜೊತೆಗೆ ಇನ್ನೊಂದು ಸೇರಿಸ್ದೆ, ಅದೂ ಹೇಳಲ್ಲ, ಎರಡು ಮಳೆಗಾಲ ತಡ್ಕೊಂಡೈತೆ. ಗನ್ ಥರ್ಮಾಮೀಟರಲ್ಲಿ ಮಧ್ಯಾಹ್ನ ಮೂರಕ್ಕೆ ಸೀಲಿಂಗ್ 41 ಇದ್ದಿದ್ದು 36. ಪಡುವಣ ಗೋಡೆಗೆ ಗೋಣಿಚೀಲ ಇಳಿಬಿಟ್ಟು ನೀರು ಚಿಮುಕಿಸೋದೂ ನೋಡ್ದೆ, ತಂಪೇನೋ ಆಯ್ತು, ಸೊಳ್ಳೆ ಜಾಸ್ತಿ ಆಯ್ತು, ಬಿಟ್ಟೆ.

ಹಳೇ ಸೋಲಾರ್ ವಾಟರ್ ಹೀಟರ್ ಇತ್ತು, ಬೋರ್ ನೀರಿನ ಗಡಸಿಗೆ ಟ್ಯೂಬ್ ಒಳಗೆ ಕಲ್ಲು ಕಟ್ಟಿ ಸತ್ತಿತ್ತು, ಬಿಚ್ಚಿ ತೊಳೆದ ಮೇಲೆ ಗೀಸರ್ ಸ್ವಿಚ್ ಮುಟ್ಟೋದು ಮಳೆಗಾಲದಲ್ಲಿ ಮಾತ್ರ. ಎಲ್ಲಾ ಸೇರಿ ತಿಂಗಳಿಗೆ 125 ಹತ್ರ ಬಂತು, ನನ್ನ ಲೆಕ್ಕದಲ್ಲಿ 14. ಖರ್ಚು ಹತ್ತತ್ರ 50,000, ದಂಡ ಆಗಿದ್ದು ಬೇರೆ.

ಇನ್ನು ಸಬ್ಸಿಡಿ. ಮೀಟರ್ ಅಪ್ಪನ ಹೆಸರಲ್ಲಿ, ಅಪ್ಪ ತೀರ್ಕೊಂಡು ಒಂಬತ್ತು ವರ್ಷ. ಅರ್ಜಿ ಮೀಟರ್ ಯಾರ ಹೆಸರಲ್ಲೈತೋ ಅವ್ರೇ ಹಾಕ್ಬೇಕು. ಖಾತೆ, ವಂಶವೃಕ್ಷ, ತಮ್ಮ ತಂಗಿ ಇಬ್ರ ಒಪ್ಪಿಗೆ ಪತ್ರ, ತಂಗಿ ಹುಬ್ಬಳ್ಳಿಯಿಂದ ಬರೋದು ಹಬ್ಬ ಕಳೆದ ಮೇಲೆ, ಹಿಂಗೆ ಮೂರು ತಿಂಗಳು ತಿಂತು. ತಪ್ಪು ನಮ್ದೇ, ಒಂಬತ್ತು ವರ್ಷ ಮಲಗಿದ್ವಿ. ನೀವು ಇವತ್ತೇ ಮೀಟರ್ ಯಾರ ಹೆಸರಲ್ಲೈತೆ ನೋಡ್ಕೊಳ್ರಿ.

ಮೊದ್ಲು ಬಂದ ವೆಂಡರ್ ಎರಡು ಕಿಲೋವ್ಯಾಟ್‌ಗೆ 98,000 ಅಂದ, ಎಲ್ರಿಗಿಂತ ಕಮ್ಮಿ. 5,000 ಅಡ್ವಾನ್ಸ್ ಕೊಟ್ಟೆ. ಪ್ಯಾನೆಲ್ ಮೇಲೆ ಮೇಡ್ ಇನ್ ಇಂಡಿಯಾ ಅಂತಾನೇ ಇತ್ತು, ಆದ್ರೆ ಒಳಗಿನ ಸೆಲ್ ಹೊರದೇಶದ್ದು. ಸಬ್ಸಿಡಿ ಬೇಕಂದ್ರೆ ಡಿಸಿಆರ್ ಪ್ಯಾನೆಲ್ಲೇ ಆಗ್ಬೇಕು, ಅಂದ್ರೆ ಪ್ಯಾನೆಲ್ ಜೊತೆ ಒಳಗಿನ ಸೆಲ್ಲೂ ನಮ್ಮ ದೇಶದ್ದೇ ಇರ್ಬೇಕು. ಕೇಳಿದ್ಮೇಲೆ "ಅದೆಲ್ಲಾ ಅಡ್ಜಸ್ಟ್ ಮಾಡೋಣ ಸಾರ್" ಅಂದ, ಬೇಡಪ್ಪ ಅಂದೆ, ಅಡ್ವಾನ್ಸ್ ವಾಪಸ್ ಬರ್ಲಿಲ್ಲ. ಎರಡನೆಯವ್ರು 1,38,000ಕ್ಕೆ ಒಪ್ಪಿದ್ರು, 540 ವ್ಯಾಟಿನ ನಾಲ್ಕು ಪ್ಯಾನೆಲ್, ಮೂರು ಅರ್ಥಿಂಗ್ ಗುಂಡಿ. ಅವ್ರೂ ಮೂರು ಕಿಲೋವ್ಯಾಟ್ ಹಾಕ್ಸಿ ಅಂತ ಜೀವ ತಿಂದ್ರು. ನಾನು ಲೆಕ್ಕ ತೋರಿಸ್ದೆ: ಮೊದಲೆರಡು ಕಿಲೋವ್ಯಾಟ್‌ಗೆ ಮೂವತ್ತು ಮೂವತ್ತು ಸಾವಿರ ಸಬ್ಸಿಡಿ, ಮೂರನೇದಕ್ಕೆ ಬರೀ ಹದಿನೆಂಟು, ಅಲ್ಲಿಂದ ಮೇಲೆ ಎಷ್ಟೇ ಹಾಕಿದ್ರೂ 78,000ಕ್ಕೇ ನಿಲ್ಲುತ್ತೆ. ಉಳಿದ ಯೂನಿಟ್ ಲೈನಿಗೆ ಬಿಟ್ರೆ ಕರೆಂಟ್ ಕಂಪನಿಯವ್ರು ಕೊಡೋ ದರ ನಾವು ಕೊಡೋ ದರದ ಹತ್ರಾನೂ ಬರಲ್ಲ. ನಂಗ್ಯಾಕೆ ಮೂರನೇದು?

ಸಬ್ಸಿಡಿ 60,000 ಬಂದಿದ್ದು ಎರಡು ತಿಂಗಳಿಗೆ, ಪಾಸ್‌ಬುಕ್ಕಲ್ಲಿ ನನ್ನ ಇನಿಶಿಯಲ್ಲು ಮುಂದೆ, ಆಧಾರಲ್ಲಿ ಹಿಂದೆ, ಅದನ್ನ ಸರಿ ಮಾಡ್ಸಿದ ಮೇಲೆ.

ಕೂರಿಸಿದ ಮೂರನೇ ದಿನ ಕರೆಂಟ್ ಹೋಯ್ತು, ಮಟಮಟ ಮಧ್ಯಾಹ್ನ, ಮನೆಯವ್ಳು ಫೋನ್ ಮಾಡಿ "ರೀ, ಮೇಲೆ ಇಷ್ಟು ಬಿಸಿಲೈತೆ, ಫ್ರಿಜ್ ಓಡ್ತಿಲ್ಲ, ಏನ್ ಹಾಕ್ಸಿದ್ರಿ ನೀವು?" ಊರಿನ ಲೈನಿಗೆ ಜೋಡಿಸೋ ಗ್ರಿಡ್ ಟೈ ಇನ್ವರ್ಟರು ಲೈನಲ್ಲಿ ಕರೆಂಟ್ ಇಲ್ಲಾಂದ್ರೆ ತಾನೂ ಬಂದ್ ಆಗುತ್ತೆ, ಕಂಬದ ಮೇಲೆ ಕೆಲ್ಸ ಮಾಡೋ ಲೈನ್‌ಮನ್ ಜೀವದ ಪ್ರಶ್ನೆ ಅದು. ಹೇಳೋದ್ ಮರ್ತಿದ್ದೆ, ಬೈಸ್ಕೊಂಡೆ.

ನಮ್ಮೂರಿಂದೇ ಆದ ಒಂದು ತೊಂದ್ರೆ ಮಂಡಕ್ಕಿ ಭಟ್ಟಿ ಹೊಗೆ. ಗಾಳಿ ನಮ್ಮ ಕಡೆ ತಿರುಗಿದ್ರೆ ಹದಿನೈದು ದಿನಕ್ಕೆ ಪ್ಯಾನೆಲ್ ಮೇಲೆ ಕರೀ ಪುಡಿ, ದಿನಕ್ಕೆ ಎಂಟು ಯೂನಿಟ್ ಬರ್ತಿದ್ದಿದ್ದು ಆರೂವರೆ. ಹಂಗಂತ ಮಂಡಕ್ಕಿ ಮೆಣಸಿನಕಾಯಿ ಬಿಡೋಕಾಗುತ್ತಾ? ಬೋರ್ ನೀರಲ್ಲಿ ತೊಳೆದೆ, ಒಣಗಿದ ಮೇಲೆ ಬಿಳೀ ಕಲೆ, ಇನ್ನೂ ಅಧ್ವಾನ. ಈಗ ಅಮ್ಮನ ರೂಮಿನ ಎಸಿಯಿಂದ ತೊಟ್ಟಿಕ್ಕೋ ನೀರನ್ನ ಡ್ರಮ್ಮಿಗೆ ಹಿಡೀತೀನಿ, ಅದ್ರಲ್ಲಿ ಉಪ್ಪಿನಂಶ ಇರಲ್ಲ, ಬೆಳಗ್ಗೆ ಆರಕ್ಕೆ ಗಾಜು ತಣ್ಣಗಿರೋವಾಗ ಒರೆಸ್ತೀನಿ. ಮಳೆಗಾಲದಲ್ಲಿ ಮಳೆನೀರು.

ಹೌದು, ಎಸಿ ತಂದೆ. ಒಂದು ಟನ್ನಿಂದು, ಮಾರ್ಚ್‌ನಿಂದ ಮೇವರೆಗೆ ಅಮ್ಮನಿಗೆ, ಅದ್ರ ದುಡ್ಡನ್ನ ಈ ಲೆಕ್ಕಕ್ಕೆ ಹಿಡಿದಿಲ್ಲ. ಇಂಡಕ್ಷನ್ ಸ್ಟೋವೂ ಬಂತು, 35 ದಿನ ಬರ್ತಿದ್ದ ಸಿಲಿಂಡರ್ ಈಗ ಎಪ್ಪತ್ತು ದಿನ. ಇಷ್ಟೆಲ್ಲಾ ಓಡ್ಸಿ ವರ್ಷಕ್ಕೆ ಕಟ್ಟಿದ ಕರೆಂಟ್ ಬಿಲ್ ಆರೂವರೆ ಸಾವಿರ ಇರ್ಬೇಕು, ಅದ್ರಲ್ಲಿ ಮುಕ್ಕಾಲು ಪಾಲು ಫಿಕ್ಸೆಡ್ ಚಾರ್ಜು, ಅದನ್ನ ಸೂರ್ಯನೂ ಬಿಡಿಸಲ್ಲ. ಮುಂಚೆ ಇಪ್ಪತ್ತಾರು ಸಾವಿರ ಹೋಗ್ತಿತ್ತು. ಮಳೆಗಾಲದ ಎರಡು ತಿಂಗಳು ದಿನಕ್ಕೆ ಐದೂವರೆ ಯೂನಿಟ್ಟಿಗೆ ಇಳಿದಿತ್ತು, ಆವಾಗ ಸ್ವಲ್ಪ ಕೈಯಿಂದ ಬಿತ್ತು.

ಭಾವ ಏನಂತಾರೆ ಅಂದ್ರೆ, "ನೀನು ಸೋಲಾರಿಗೆ 78,000, ಮನೆ ರಿಪೇರಿಗೆ 50,000, ಒಟ್ಟು 1,28,000. ಮೂರು ಕಿಲೋವ್ಯಾಟೇ ಹಾಕ್ಸಿದ್ರೆ ಸಬ್ಸಿಡಿ ಕಳೆದು 1,20,000ದೊಳಗೆ ಮುಗೀತಿತ್ತಲ್ಲೋ". ಸರಿಯಾಗೇ ಕೇಳ್ತಾರೆ. ಆದ್ರೆ ಫ್ರಿಜ್ಜು ಹೆಂಗಿದ್ರೂ ಸಾಯೋದಿತ್ತು, ಅದ್ರ 26,000 ತೆಗೀರಿ. ಮೂರು ಕಿಲೋವ್ಯಾಟ್ ಹಾಕ್ಸಿ ಹಳೇ ಸಾಮಾನೇ ಇಟ್ಕೊಂಡಿದ್ರೆ ಎಸಿಗೂ ಇಂಡಕ್ಷನ್ನಿಗೂ ಉಳೀತಿದ್ದಿದ್ದು ಎಷ್ಟು? ಕರೆಂಟ್ ಹೋದಾಗ್ಲೂ ನನ್ನ ಹಳೇ ಯುಪಿಎಸ್ ಬ್ಯಾಟರಿ ಈಗ ಎರಡರಷ್ಟು ಹೊತ್ತು ಬರುತ್ತೆ, ಫ್ಯಾನ್ 30 ವ್ಯಾಟ್ ಅಲ್ವಾ. ಇದನ್ನ ಕೇಳಿದ್ಮೇಲೆ ಭಾವ ಸ್ವಲ್ಪ ಹೊತ್ತು ಸುಮ್ಮನಾದ್ರು, ಆಮೇಲೆ ಅಕ್ಕನ ಹತ್ರ ಫೋನ್ ಕೊಟ್ರು.

ಈಗ ಅವ್ರ ಮನೇದೇ ಶುರು ಆಗೈತೆ. ಫ್ಯಾನ್ ಎಲ್ಲಾ ಬದಲಾಯ್ತು, ಮೀಟರ್ ಅವ್ರ ಹೆಸರಲ್ಲೇ ಐತೆ, ಪುಣ್ಯ. ಆದ್ರೆ ಅದು ದುರ್ಗ, ಅರ್ಥಿಂಗ್ ಗುಂಡಿ ತೋಡೋಕೆ ಹೋದ್ರೆ ನಾಲ್ಕಡಿಗೆ ಬಂಡೆ ಸಿಕ್ತು, ಎರಡು ಕಡೆ ಬದಲಾಯಿಸಿದ್ರೂ ಬಂಡೆನೇ. ಗಾಳಿ ಬೇರೆ ಜೋಗಿಮಟ್ಟಿ ಗುಡ್ಡದ ಕಡೆಯಿಂದ ಹೊಡೆಯೋದು ನೋಡಿದ್ರೆ ಪ್ಯಾನೆಲ್ ಕೂರಿಸೋ ಸ್ಟ್ರಕ್ಚರ್ ನಮ್ಮೂರಿನ ಅಳತೇಲಿ ಹಾಕೋ ಹಂಗಿಲ್ಲ. ಈ ಭಾನುವಾರ ಡ್ರಿಲ್ಲಿಂಗ್ ಮಿಷಿನ್ ತಗೊಂಡು ಹೋಗ್ತಿದೀನಿ.