ನಾಲ್ಕು ಊರಿನ ಭಾಗ ಸೇರಿಸಿ ಮನೆಯಲ್ಲೇ ಒಂದು ಜಾವಾ ಕಟ್ಟಿದ್ದು

ನನ್ನ ಜಾವಾ ಬೈಕಿನ ಚಾಸಿ ಬೈಲಹೊಂಗಲದ್ದು. ಎಂಜಿನ್ ನಿಪ್ಪಾಣಿಯದ್ದು. ಟ್ಯಾಂಕು ಗೋಕಾಕದ ಒಂದು ಗುಜರಿಯಿಂದ ಬಂತು. ಹಿಂದಿನ ಮಡ್‌ಗಾರ್ಡ್ ಯಾವ ಊರಿನದೋ ನನಗೂ ಗೊತ್ತಿಲ್ಲ, ಕೊಟ್ಟವನಿಗೂ ಗೊತ್ತಿರಲಿಲ್ಲ. ಚಾಸಿ ಸಿಕ್ಕಾಗ ಅದರ ಮೇಲೆ ನಾಲ್ಕು ಕೋಳಿ ಕೂತಿದ್ದವು. ಮನೆಯಾಕೆ ಆ ಕಬ್ಬಿಣವನ್ನು ನೋಡಿ, "ಇದರಲ್ಲಿ ಗಾಡಿ ಎಲ್ಲಿದೆ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಕೆಲಸ ಮಾಡುವವನು. ಮನೆ ಅನಗೋಳದಲ್ಲಿ. ಗಾಡಿ ಕಟ್ಟಿದ್ದು ಮನೆಯ ಹಿಂದಿನ ಪತ್ರಾ ಶೆಡ್ಡಿನಲ್ಲಿ, ಭಾನುವಾರ ಭಾನುವಾರ, ಹದಿನಾಲ್ಕು ತಿಂಗಳು. ಅದರಲ್ಲಿ ನಾಲ್ಕು ತಿಂಗಳು ನನ್ನದೇ ತಪ್ಪಿನಿಂದ ಹೋಯಿತು. ಆ ತಪ್ಪು ಯಾವುದು ಅಂತ ಮುಂದೆ ಹೇಳುತ್ತೇನೆ.

ಮೊದಲು ಕೊಳ್ಳಬೇಕಾದ್ದು ಕಾಗದ ಇರುವ ಚಾಸಿ. ಎಂಜಿನ್ ಅಲ್ಲ. ಹೊಳೆಯುವ ಎಂಜಿನ್ ಕಂಡ ಕೂಡಲೇ ಕೈ ಜೇಬಿಗೆ ಹೋಗುತ್ತದೆ, ಅಲ್ವಾ? ತಡೆಯಿರಿ. ಎಂಜಿನ್ ಇನ್ನೊಂದು ಸಿಗುತ್ತದೆ, ಆರ್‌ಸಿ (ನೋಂದಣಿ ಪತ್ರ) ಇರುವ ಚಾಸಿ ಸಿಗುವುದೇ ಕಷ್ಟ. ಹ್ಯಾಂಡಲ್ ಕತ್ತಿನ ಹತ್ತಿರ ಇರುವ ನಂಬರನ್ನು ವೈರ್ ಬ್ರಷ್‌ನಿಂದ ತಿಕ್ಕಿ, ಸೀಮೆಸುಣ್ಣ ಉಜ್ಜಿ ಓದಿ. ಆರ್‌ಸಿಯಲ್ಲಿರುವ ನಂಬರಿಗೆ ಒಂದು ಅಂಕಿ ತಾಳೆಯಾಗದಿದ್ದರೂ ನಮಸ್ಕಾರ ಹೇಳಿ ಬಂದುಬಿಡಿ. ನನ್ನದು 1969ರ ಗಾಡಿ. ನಂಬರ್ ಪ್ಲೇಟಿನ ಮೇಲೆ ಇನ್ನೂ ಮೈಸೂರು ರಾಜ್ಯದ 'ಎಂವೈ' ಇತ್ತು. ಕೊಲ್ಹಾಪುರ ನಮಗೆ ಹತ್ತಿರ, ಅಲ್ಲಿ ಗಾಡಿಗಳೂ ಜಾಸ್ತಿ. ಆದರೆ ಎಂಎಚ್-09 ಗಾಡಿ ತಂದರೆ ಎನ್‌ಒಸಿ (ಅಲ್ಲಿನವರ ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ ಅಂತ ಇನ್ನೊಂದು ಓಡಾಟ ಶುರುವಾಗುತ್ತದೆ.

ಬೇರೆ ಎಂಜಿನ್ ಕೂರಿಸಿದರೆ ಆರ್‌ಟಿಒಗೆ ಅರ್ಜಿ ಕೊಟ್ಟು, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಅದಕ್ಕೆ ಎಂಜಿನ್ ಮಾರಿದವರಿಂದ ಬರಹದ ರಸೀದಿ ಬೇಕು. ಗುಜರಿಯವರು ರಸೀದಿ ಕೊಡಲು ಮುಖ ಸಿಂಡರಿಸುತ್ತಾರೆ. ಬಿಡಬೇಡಿ, ಕಳವಿನ ಎಂಜಿನ್ ನಿಮ್ಮ ಶೆಡ್ಡಿಗೆ ಬರುವುದು ಹೀಗೇ. ಇನ್ನೊಂದು ಮಾತು. 50 ವರ್ಷ ದಾಟಿದ ಗಾಡಿಗೆ 'ವಿಎ' ಎಂದು ಬರುವ ವಿಂಟೇಜ್ ನಂಬರ್ ಕೊಡುವ ನಿಯಮ 2021ರಲ್ಲಿ ಬಂತು. ಆದರೆ ಗಾಡಿ ಮೂಲ ರೂಪದಲ್ಲಿಯೇ ಇರಬೇಕು, ಚಾಸಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಮ್ಮಂಥ ಕಲಬೆರಕೆ ಗಾಡಿಗೆ ಆ ಆಸೆ ಬೇಡ.

ಈಗ ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬ ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ತಯಾರಾಯಿತು. 1973ರಿಂದ ಯೆಜ್ಡಿ ಹೆಸರಿನಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೆಸರು ಬದಲಾದರೂ ಒಳಗಿನ ಲೆಕ್ಕ ಬಹಳ ಕಾಲ ಅದೇ ಇತ್ತು: ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಮಿ.ಮೀ., 250 ಸಿಸಿ ಟೂ ಸ್ಟ್ರೋಕ್. ಹಾಗಾಗಿ ಜಾವಾ ಚಾಸಿಯಲ್ಲಿ ಯೆಜ್ಡಿ ಬಿ ಟೈಪ್ ಎಂಜಿನ್ ಕೂರಿಸಿದವರು ತುಂಬಾ ಜನ. ನಾನೂ ಅದನ್ನೇ ಮಾಡಿದೆ. 2018ರಲ್ಲಿ ಮತ್ತೆ ಬಂದ ಜಾವಾ ಫೋರ್ ಸ್ಟ್ರೋಕ್ ಗಾಡಿ, ಅದರ ಭಾಗ ಇದಕ್ಕೆ ಬರುವುದಿಲ್ಲ. ಟ್ಯಾಂಕಿನ ಮೇಲಿನ ಹೆಸರು ನೋಡಿ ಮೋಸ ಹೋಗಬೇಡಿ.

ಮೋಸ ಹೋದವನು ನಾನೇ. ಚಾಸಿ ಬಂದ ಕೂಡಲೇ ಬ್ಲಾಸ್ಟಿಂಗ್ (ಮರಳು ಚಿಮ್ಮಿಸಿ ತುಕ್ಕು ತೆಗೆಯುವುದು) ಮಾಡಿಸಿ, ಮಡ್‌ಗಾರ್ಡ್ ಸಮೇತ ಮರೂನ್ ಬಣ್ಣ ಹೊಡೆಸಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಓಣಿಯವರೆಲ್ಲ ಬಂದು ನೋಡಿದರು. ಆಮೇಲೆ "ಜಾವಾದ್ದೇ ಸಾಹೇಬ್ರೆ" ಎಂದು ಒಬ್ಬರು ಕೊಟ್ಟ ಚಕ್ರಗಳನ್ನು ಹಾಕಿದೆ. ಹಿಂದಿನ ಟೈರು ಮಡ್‌ಗಾರ್ಡಿನ ಒಳಗೆ ತಾಗಿ ನಿಂತುಬಿಟ್ಟಿತು. ಅವು ಯೆಜ್ಡಿ ರೋಡ್‌ಕಿಂಗ್ ಚಕ್ರಗಳು, 18 ಇಂಚಿನವು. ನನ್ನ ಚಾಸಿಗೆ ಬೇಕಾದ್ದು 16 ಇಂಚು. ಸುತ್ತಲೂ ಒಂದು ಇಂಚು ಜಾಸ್ತಿ. ಆ ಒಂದು ಇಂಚನ್ನು ಸರಿಮಾಡುವ ಹಟದಲ್ಲಿ ಮಡ್‌ಗಾರ್ಡ್ ಬ್ರಾಕೆಟ್ ಕತ್ತರಿಸಿ ಬೆಸುಗೆ ಹಾಕಿಸಿದೆ, ಹೊಸ ಬಣ್ಣ ಸುಟ್ಟು ಗುಳ್ಳೆ ಎದ್ದಿತು. ಕೊನೆಗೆ 16 ಇಂಚಿನ ಚಕ್ರ ಹುಡುಕಿ, ಬ್ರಾಕೆಟ್ ಮೊದಲಿನ ಹಾಗೇ ಮಾಡಿ, ಎಲ್ಲ ಕೆರೆದು ಮತ್ತೆ ಬಣ್ಣ. ನಾಲ್ಕು ತಿಂಗಳು ಹೋಗಿದ್ದು ಇಲ್ಲೇ.

ಅದಕ್ಕೆ ಹೇಳುವುದು, ಇಡೀ ಗಾಡಿಯನ್ನು ಒಮ್ಮೆ ತುಕ್ಕಿನಲ್ಲಿಯೇ ಕಟ್ಟಿ. ಚಾಸಿ, ಫೋರ್ಕ್, ಸ್ವಿಂಗ್ ಆರ್ಮ್, ಎರಡೂ ಚಕ್ರ, ಖಾಲಿ ಎಂಜಿನ್ ಕೇಸ್, ಟ್ಯಾಂಕು, ಸೀಟು, ಸೈಲೆನ್ಸರ್, ಚೈನ್ ಕವರ್ ಎಲ್ಲ ಕೂರಬೇಕು. ಹ್ಯಾಂಡಲ್ ಪೂರ್ತಿ ತಿರುಗಿಸಿ, ಟ್ಯಾಂಕಿಗೆ ಬಡಿಯುತ್ತದೆಯೇ ನೋಡಿ. ಎಂಜಿನ್ ಬೋಲ್ಟ್ ಬೆರಳಿನಿಂದಲೇ ಒಳಗೆ ಹೋಗಬೇಕು. ಸುತ್ತಿಗೆ ಕೇಳಿದರೆ ಎಲ್ಲೋ ಬಾಗಿದೆ ಎಂದರ್ಥ. ಆಮೇಲೆ ಗೌಂಡಿಯವರು ಬಳಸುವ ದಾರ ತಗೊಳ್ಳಿ. ಹಿಂದಿನ ಟೈರಿನ ಎರಡೂ ಪಕ್ಕಕ್ಕೆ ತಾಗಿಸಿ ಮುಂದಿನ ಚಕ್ರದ ತನಕ ಬಿಗಿಯಾಗಿ ಎಳೆಯಿರಿ. ಮುಂದಿನ ಚಕ್ರ ಎರಡು ದಾರದ ನಟ್ಟನಡುವೆ ನಿಲ್ಲಬೇಕು. ನನ್ನದು 9 ಮಿ.ಮೀ. ಎಡಕ್ಕೆ ಇತ್ತು. ಚಾಸಿ ಸೊಟ್ಟ ಅಂತ ಎದೆ ಧಸಕ್ ಎಂದಿತು. ನೋಡಿದರೆ ಹಿಂದಿನ ಆಕ್ಸಲ್‌ನ ಒಂದು ಸ್ಪೇಸರ್ (ಅಂತರ ಕಾಯುವ ಬಳೆ) ಬೇರೆ ಗಾಡಿಯದು. ಲೇಥ್ ಮೇಲೆ ಹೊಸದು ತಿರುವಿದೆ, ಹತ್ತು ನಿಮಿಷದ ಕೆಲಸ.

ಬಿಚ್ಚುವಾಗ ಪ್ರತಿ ಭಾಗವನ್ನೂ ಬೇರೆ ಬೇರೆ ಹಾಲಿನ ಕವರಿನಲ್ಲಿ ಹಾಕಿ, ಚೀಟಿ ಬರೆದಿಡಿ. ಫೋಟೋ ಇದೆಯಲ್ಲ ಅಂತ ಸುಮ್ನೆ ಬಿಟ್ಟರೆ, ಆರು ತಿಂಗಳ ನಂತರ ಆ ಫೋಟೋದಲ್ಲಿ ನಿಮ್ಮ ಹೆಬ್ಬೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ.

ಎಂಜಿನ್ ವಿಷಯದಲ್ಲಿ ಒಂದು ಮಾತು ಗಟ್ಟಿ: ಕ್ರ್ಯಾಂಕ್ ಕೇಸಿನ (ತಿರುಗುವ ಕ್ರ್ಯಾಂಕ್ ಕೂರುವ ಎಂಜಿನ್ನಿನ ಕವಚ) ಎರಡು ಹೋಳು ಒಂದೇ ಜೋಡಿಯದಾಗಿರಬೇಕು. ಕಾರ್ಖಾನೆಯಲ್ಲಿ ಎರಡನ್ನೂ ಕೂಡಿಸಿಯೇ ಬೇರಿಂಗ್ ಮನೆ ಕೊರೆಯುತ್ತಾರೆ. ಒಂದು ಗಾಡಿಯ ಎಡ, ಇನ್ನೊಂದರ ಬಲ ಸೇರಿಸಿದರೆ ಬೋಲ್ಟೇನೋ ಬಿಗಿಯಾಗುತ್ತದೆ, ಕ್ರ್ಯಾಂಕ್ ಮಾತ್ರ ಸಲೀಸಾಗಿ ತಿರುಗುವುದಿಲ್ಲ. ಬೇರೆ ಎಲ್ಲದರಲ್ಲೂ ಕಲಬೆರಕೆ ನಡೆಯುತ್ತದೆ, ಇಲ್ಲಿ ಬೇಡ.

ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಅಲುಗಾಡಬಹುದು. ಮೇಲೆ ಕೆಳಗೆ ಟಕ್ ಎಂದರೆ ಬಿಗ್ ಎಂಡ್ (ರಾಡು ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್) ಹೋಗಿದೆ. ಇದು ಪ್ರೆಸ್ ಮಾಡಿ ಕೂಡಿಸಿದ ಕ್ರ್ಯಾಂಕ್, ಮನೆಯಲ್ಲಿ ಬಿಚ್ಚುವಂಥದ್ದಲ್ಲ. ಪ್ರೆಸ್ ಇರುವ ಕಡೆ ಕೊಡಿ. ವಾಪಸ್ ಬಂದಾಗ ಲೇಥಿನ ಎರಡು ಸೆಂಟರ್ ನಡುವೆ ಹಿಡಿದು ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಮಾಪಕ) ಹಚ್ಚಿಸಿ ನೋಡದೆ ದುಡ್ಡು ಕೊಡಬೇಡಿ. ನನ್ನದು ಮೊದಲ ಸಲ 0.12 ಮಿ.ಮೀ. ಓಲಾಡುತ್ತಾ ತಿರುಗುತ್ತಿತ್ತು. ತಾಮ್ರದ ಸುತ್ತಿಗೆಯಿಂದ ಬಡಿದು ಬಡಿದು 0.03ಕ್ಕೆ ಇಳಿಸಿದೆವು.

ಸವೆದ ಸಿಲಿಂಡರನ್ನು ಬೋರ್ ಮಾಡಿಸುವ (ಕೊರೆದು ಹಿಗ್ಗಿಸುವ) ಮೊದಲು ಪಿಸ್ಟನ್ ಕೊಳ್ಳಿ. ಪಿಸ್ಟನ್ ಅಳತೆಗೆ ಸಿಲಿಂಡರ್ ಕೊರೆಯಬೇಕೇ ಹೊರತು "ಎರಡನೇ ಓವರ್‌ಸೈಜ್" ಎಂಬ ಮಾತಿಗಲ್ಲ. ಡಬ್ಬಿಯ ಮೇಲೆ ಒಂದೇ ಸೈಜ್ ಬರೆದ ಎರಡು ಪಿಸ್ಟನ್ ಮೈಕ್ರೋಮೀಟರಿನಲ್ಲಿ ಬೇರೆ ಬೇರೆ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಅಳೆಯುವುದು ಪಿಸ್ಟನ್ನಿನ ಕೆಳಗಿನ ಸ್ಕರ್ಟ್ ಹತ್ತಿರ, ಗಜನ್ ಪಿನ್ನಿಗೆ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಅಡ್ಡ ದಿಕ್ಕಿನಲ್ಲಿ. ನಾನು 0.07 ಮಿ.ಮೀ. ಸಡಿಲ ಇಡಿಸಿದೆ. ಪೋರ್ಟುಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಚೂಪು ಅಂಚನ್ನು ಎಣ್ಣೆಕಲ್ಲಿನಿಂದ ಸವರಿಬಿಡಿ. ರಿಂಗನ್ನು ಬರೀ ಸಿಲಿಂಡರಿಗೆ ಹಾಕಿ, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ಬಾಯಿಯ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ. 65 ಮಿ.ಮೀ. ಬೋರಿಗೆ ಸುಮಾರು 0.25ರಿಂದ 0.30 ಇದ್ದರೆ ಒಳ್ಳೆಯದು. ಟೂ ಸ್ಟ್ರೋಕ್ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನೊಳಗೆ ಸಣ್ಣ ಮೊಳೆ ಇರುತ್ತದೆ, ರಿಂಗಿನ ಬಾಯಿ ಆ ಮೊಳೆಯ ಮೇಲೇ ಕೂರಬೇಕು. ಇಲ್ಲವಾದರೆ ರಿಂಗ್ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ತಲೆಯ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ.

ಗಜನ್ ಪಿನ್ ಬಡಿಯಬೇಡಿ, ರಾಡ್ ಬಾಗುತ್ತದೆ. ಪಿಸ್ಟನ್ನನ್ನು ಕುದಿಯುವ ನೀರಿನಲ್ಲಿ ಐದು ನಿಮಿಷ ಇಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಪಿನ್ ಬೆರಳಿಗೇ ಜಾರಿ ಹೋಗುತ್ತದೆ. ನಾನು ಇಡ್ಲಿ ಪಾತ್ರೆ ಬಳಸಿದೆ. ನೀವು ನಿಮ್ಮದೇ ಪಾತ್ರೆ ಕೊಂಡುಕೊಳ್ಳಿ.

ಆಮೇಲೆ ಸರ್ಕ್ಲಿಪ್, ಆ ಪಿನ್ ಹೊರಗೆ ಜಾರದಂತೆ ತಡೆಯುವ ತಂತಿಯ ಬಳೆ. ಹಾಕುವ ಮೊದಲು ಕ್ರ್ಯಾಂಕ್ ಕೇಸಿನ ಬಾಯಿಗೆ ಒಂದು ಬಟ್ಟೆ ತುರುಕಬೇಕು, ಇಷ್ಟೇ. ನಾನು ತುರುಕಲಿಲ್ಲ. ಎರಡನೇ ಸರ್ಕ್ಲಿಪ್ ನೋಸ್ ಪ್ಲೈಯರಿನಿಂದ ಚಿಮ್ಮಿತು. ಟಿಂಗ್ ಅಂತ ಒಂದು ಸದ್ದು, ಆಮೇಲೆ ಮೌನ. ಒಳಗೆ ಬಿದ್ದಿದೆ. ದಾರಕ್ಕೆ ಮ್ಯಾಗ್ನೆಟ್ ಕಟ್ಟಿ ಇಳಿಸಿದೆ. ಒಳಗೆ ಇರುವುದೆಲ್ಲ ಉಕ್ಕೇ, ಮ್ಯಾಗ್ನೆಟ್ ಹೋಗಿ ಕ್ರ್ಯಾಂಕಿಗೇ ಅಂಟಿತು. ಎಳೆದೆ, ಮತ್ತೆ ಅಂಟಿತು. ಕೊನೆಗೆ ನಾನೂ ಮಗನೂ ಎಂಜಿನ್ ಎತ್ತಿ, ಗೋಣಿಚೀಲದ ಮೇಲೆ ತಲೆಕೆಳಗು ಹಿಡಿದು, ಅವನು ಕ್ರ್ಯಾಂಕನ್ನು ನಿಧಾನ ತಿರುಗಿಸುತ್ತಾ, ನಾನು ಅಲುಗಿಸುತ್ತಾ ಒಂದೂವರೆ ತಾಸು ಕಳೆದೆವು. ಬಿತ್ತು. ಅದನ್ನೇ ಮತ್ತೆ ಹಾಕಲಿಲ್ಲ, ಹೊಸದು ಹಾಕಿದೆ.

ಆಯಿಲ್ ಸೀಲುಗಳಿಗೆ ಜಿಪುಣತನ ಬೇಡ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸೇ ಪಂಪು. ಬಲಗಡೆ, ಡೈನಮೋ ಬದಿಯ ಸೀಲ್ ಸೋರಿದರೆ ಹೊರಗಿನ ಗಾಳಿ ಒಳಗೆ ಬಂದು ಪೆಟ್ರೋಲ್ ಮಿಶ್ರಣ ತೆಳ್ಳಗಾಗುತ್ತದೆ. ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಪಿಸ್ಟನ್ ಸಿಲಿಂಡರಿಗೆ ಹಿಡಿದು ನಿಲ್ಲುತ್ತದೆ. ಎಡಗಡೆ, ಕ್ಲಚ್ ಬದಿಯದು ಸೋರಿದರೆ ಗೇರ್ ಆಯಿಲನ್ನೇ ಕುಡಿದು ಬಿಳಿ ಹೊಗೆ ಉಗುಳುತ್ತದೆ. ಸೀಲುಗಳ ಬೆಲೆ ಪಿಸ್ಟನ್ನಿನ ಮುಂದೆ ಏನೂ ಅಲ್ಲ.

ಜಾವಾದಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಬಂದರೆ ಗೇರು. ಸವೆದ ಹಲ್ಲಿನ ಲಿವರ್ ತಂದರೆ ದಿನಾ ಜಾರಿ ಮೊಣಕಾಲಿಗೆ ಬಡಿಯುತ್ತದೆ. ಗೇರ್ ಒತ್ತಿದಾಗ ಕ್ಲಚ್ ತಾನೇ ಬಿಡುವ ವ್ಯವಸ್ಥೆಯೂ ಇದರಲ್ಲಿದೆ. ಅದರ ಅಡ್ಜಸ್ಟ್‌ಮೆಂಟ್ ಜಾಸ್ತಿ ಬಿಗಿಯಿದ್ದರೆ ಕ್ಲಚ್ ಸದಾ ಅರ್ಧ ಜಾರುತ್ತಿರುತ್ತದೆ, ಪ್ಲೇಟಿಗೆ ಬೈಯಬೇಡಿ.

ಟ್ಯಾಂಕಿನ ಒಳತುಕ್ಕಿಗೆ ಒಂದು ಹಿಡಿ ನಟ್ಟು, ವಿನೆಗರ್, ಎರಡು ದಿನ, ಬಂದವರಿಗೆಲ್ಲ ಅಲುಗಿಸಲು ಹೇಳುವುದು. ಆಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, 2ಟಿ (ಟೂ ಸ್ಟ್ರೋಕ್) ಎಣ್ಣೆ ಸವರಿ. ಸೈಲೆನ್ಸರಿನ ಇದ್ದಲು ತೆಗೆಯಲು ಕಾಸ್ಟಿಕ್ ಸೋಡಾ ಆಗುತ್ತದೆ. ಆದರೆ ಅದನ್ನು ಅಲ್ಯೂಮಿನಿಯಂ ಹತ್ತಿರ ತರಬೇಡಿ, ತಿಂದುಹಾಕುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್. ಅದು ಗಾಳಿಯ ನೀರು ಹೀರುತ್ತದೆ, ಹಳೆಯ ರಬ್ಬರ್ ಮೆತ್ತಗೆ ಮಾಡುತ್ತದೆ. ನಮ್ಮ ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಗೋಡೆಯೂ ಬೆವರುತ್ತದೆ. ಪೈಪು, ವಾಷರ್ ಹೊಸದು ಹಾಕಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬ್ಯುರೇಟರ್ ಎರಡೂ ಖಾಲಿ ಮಾಡಿ.

ವೈರಿಂಗ್ ಹಳೆಯದು ಬೇಡವೇ ಬೇಡ, ಪೂರ್ತಿ ಹೊಸದು. ಪಾಯಿಂಟ್ (ತೆರೆದಾಗ ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು) ಸಂದಿ 0.4 ಮಿ.ಮೀ., ಪ್ಲಗ್ಗಿನದು 0.6. ಟೈಮಿಂಗ್‌ಗೆ (ಕಿಡಿ ಬರುವ ಗಳಿಗೆ ಹೊಂದಿಸಲು) ಪ್ಲಗ್ ತೂತಿನಿಂದ ಡಯಲ್ ಗೇಜ್ ಇಳಿಸಿ, ಪಿಸ್ಟನ್ ತೀರಾ ಮೇಲೆ ಬರುವ ಜಾಗ ಹುಡುಕಿ. ಅಲ್ಲಿಂದ ನಿಮ್ಮ ಎಂಜಿನ್ನಿನ ಪುಸ್ತಕ ಹೇಳಿದಷ್ಟು ಹಿಂದಕ್ಕೆ ಬಂದು, ಅದೇ ಜಾಗದಲ್ಲಿ ಪಾಯಿಂಟ್ ತೆರೆಯುವ ಹಾಗೆ ಕೂರಿಸಿ. ಚಾಸಿಯ ಪುಸ್ತಕವಲ್ಲ, ಎಂಜಿನ್ನಿನದು. ಕಲಬೆರಕೆ ಗಾಡಿಯಲ್ಲಿ ಇದನ್ನು ಮರೆಯುವವರು ಜಾಸ್ತಿ.

ಇಷ್ಟೆಲ್ಲ ಆದ ಮೇಲೆ ಮತ್ತೆ ಬಿಚ್ಚಿ, ಬಣ್ಣ ಹೊಡೆಸಿ. ಎಂಜಿನ್ ಬೋಲ್ಟ್ ಕೂರುವ ಜಾಗ, ಅರ್ಥ್ ವೈರಿನ ಜಾಗ ಟೇಪ್ ಹಚ್ಚಿ ಬಿಡಿ.

ಮೊದಲ 500 ಕಿ.ಮೀ. ಪ್ರತಿ ಲೀಟರ್ ಪೆಟ್ರೋಲಿಗೆ 50 ಮಿ.ಲೀ. 2ಟಿ ಎಣ್ಣೆ, ಆಮೇಲೆ 40. ಟ್ಯಾಂಕಿಗೆ ಸುರಿಯುವ ಮೊದಲೇ ಕ್ಯಾನಿನಲ್ಲಿ ಕಲಸಿಕೊಳ್ಳಿ. ನನ್ನದು ಹನ್ನೊಂದನೇ ಕಿಕ್ಕಿಗೆ ಎದ್ದಿತು. ಶೆಡ್ಡಿನ ತುಂಬ ಹೊಗೆ, ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಒಳಗೆ ತಗೊಂಡರು. ಮೊದಲ ದಿನ ಐದು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು, ಹೆಡ್ ನಟ್ಟುಗಳನ್ನು ಮತ್ತೆ ಬಿಗಿ ಮಾಡಿದೆ. ಆಮೇಲೆ ದಿನಾ ಯಳ್ಳೂರು ರಸ್ತೆ, 45ರ ಒಳಗೆ, ಥ್ರಾಟಲ್ ಒಂದೇ ಕಡೆ ಹಿಡಿಯದೆ ಏರಿಸಿ ಇಳಿಸಿ.

500 ಮುಗಿದ ಭಾನುವಾರ ರಾಜಹಂಸಗಡದ ಏರು ಹತ್ತಿಸಿದೆ, ಎರಡನೇ ಗೇರಿನಲ್ಲಿ. ಮೇಲೆ ಹೋದ ಕೂಡಲೇ ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ. ಬೆಳ್ಳಗಿದ್ದರೆ ಮಿಶ್ರಣ ತೆಳ್ಳಗೆ, ಕರ್ರಗೆ ಒದ್ದೆಯಿದ್ದರೆ ದಪ್ಪ. ನನ್ನದು ಬಿಸ್ಕತ್ತಿನ ಬಣ್ಣ. ಇಳಿಯುವಾಗ ಎಲ್ಲೋ ಕಟಕಟ ಸದ್ದು. ಎಂಜಿನ್ ಏನಾದರೂ ಹೋಯಿತೇ ಎಂದು ಹೆದರಿ ನಿಲ್ಲಿಸಿದರೆ, ಊರು ಗೊತ್ತಿಲ್ಲದ ಆ ಮಡ್‌ಗಾರ್ಡಿನ ಒಂದು ಬೋಲ್ಟ್ ಸಡಿಲ. ಹತ್ತರ ಪಾನಾ ಮನೆಯಲ್ಲೇ ಬಿಟ್ಟು ಬಂದಿದ್ದೆ. ಕರ್ಚೀಫಿನಿಂದ ಕಟ್ಟಿಕೊಂಡು ಅನಗೋಳಕ್ಕೆ ಬಂದೆ.