ಜ್ವರಕ್ಕೆ ಕುಳಿತ ಹುಳುಗಳ ನಡುವೆ ಪ್ರಾರ್ಥನೆ

ಅಮ್ಮ ತೀರಿಕೊಂಡು ಕರ್ತನಲ್ಲಿ ನಿದ್ರೆ ಹೋದ ಮೇಲೆ ನನಗೆ ಬೈಬಲ್ ಓದಲು ಆಗುತ್ತಿತ್ತು, ಪ್ರಾರ್ಥಿಸಲು ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಒಂದು ಮಾತೂ ಹೊರಡುತ್ತಿರಲಿಲ್ಲ. ಹಾಗಾಗಿ ಕಣ್ಣು ತೆರೆದುಕೊಂಡೇ ಪ್ರಾರ್ಥಿಸತೊಡಗಿದೆ. ಯೇಸುಸ್ವಾಮಿ ಹಿಟ್ಟಿನಲ್ಲಿ ಕಲಸಿದ ಹುಳಿಯನ್ನು, ಮನೆ ಗುಡಿಸಿ ಹುಡುಕಿದ ನಾಣ್ಯವನ್ನು, ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವ ಕೋಳಿಯನ್ನು ತೋರಿಸಿ ಮಾತನಾಡಿದರು. ಕೇಳುವವರ ಮನೆಯಲ್ಲಿ ಇದ್ದದ್ದೇ ಅವರಿಗೆ ಸಾಕಾಗಿತ್ತು. ಶಿಡ್ಲಘಟ್ಟದ ಕಡೆಯ ನಮ್ಮ ಮನೆಯಲ್ಲಿ ಇರುವುದು ರೇಷ್ಮೆ ಹುಳು.

ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ಅಲ್ಲಿಯವರೆಗೆ ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಾ ಸೊಪ್ಪು ಮೇಯುತ್ತಿದ್ದ ತಟ್ಟೆ ಒಮ್ಮೆಲೇ ನಿಶ್ಶಬ್ದವಾಗುತ್ತದೆ. ಹುಳು ತಲೆ ಎತ್ತಿ, ಮೈ ಅಲುಗಿಸದೆ ಹೆಚ್ಚುಕಡಿಮೆ ಒಂದು ದಿನ ಹಾಗೇ ಇರುತ್ತದೆ. ಆಗ ನಾವು ಸೊಪ್ಪು ಹಾಕುವುದಿಲ್ಲ. ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸಿ, ಗಾಳಿ ಆಡುವಂತೆ ನೋಡಿಕೊಂಡು ಕಾಯುತ್ತೇವೆ. ತಿನ್ನುತ್ತಿಲ್ಲವೆಂದು ಯಾವ ರೈತನೂ ತಟ್ಟೆಯನ್ನು ತಿಪ್ಪೆಗೆ ಸುರಿಯುವುದಿಲ್ಲ.

ಅದನ್ನು ನೋಡುತ್ತಾ ನಿಂತಾಗ, ನನ್ನ ಮೌನವನ್ನೂ ದೇವರು ಹೀಗೇ ಕಾಯುತ್ತಿದ್ದಾನೆ ಎನ್ನಿಸಿ ಎದೆ ಹಗುರಾಯಿತು. ಯೆಶಾಯನ ಗ್ರಂಥದ 41ನೇ ಅಧ್ಯಾಯದ 14ನೇ ವಚನ ಅಮ್ಮನಿಗೆ ಬಾಯಿಪಾಠವಾಗಿತ್ತು. ಅಲ್ಲಿ ದೇವರು ಯಾಕೋಬನನ್ನು ಹುಳುವೆಂದೇ ಕರೆದು, ಭಯಪಡಬೇಡ, ನಾನೇ ನಿನಗೆ ಸಹಾಯ ಮಾಡುತ್ತೇನೆ ಎನ್ನುತ್ತಾನೆ. ಅದು ಪ್ರೀತಿಯಿಂದ ಕರೆದದ್ದೆಂದು ನನಗೆ ತಿಳಿದದ್ದು ಹುಳು ಮನೆಯಲ್ಲಿ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಕೆಲಸದ ನಡುವೆ ಕಣ್ಣಿಗೆ ಬಿದ್ದ ಒಂದನ್ನು ಮಾತ್ರ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತೇನೆ. ಅರ್ಥ ಹುಡುಕುವ ಆತುರ ಬೇಡ. ರಾತ್ರಿ ಅದಕ್ಕೆ ಹತ್ತಿರವಾದ ವಚನ ನೆನಪಾದರೆ ತೆಗೆದು ಓದುತ್ತೇನೆ, ನೆನಪಾಗದಿದ್ದರೆ ಕಂಡದ್ದನ್ನೇ ಹೇಳಿ ಸ್ತೋತ್ರ ಸಲ್ಲಿಸುತ್ತೇನೆ. ಇದನ್ನು ಶಕುನ ನೋಡಿದಂತೆ ಮಾಡಬಾರದು ಎನ್ನುವುದರಲ್ಲಿ ನಾನು ಗಟ್ಟಿ. ಬೆಳೆ ಕೆಟ್ಟರೆ ದೇವರ ಕೋಪ, ಗೂಡಿಗೆ ಒಳ್ಳೆಯ ಬೆಲೆ ಸಿಕ್ಕರೆ ಆಶೀರ್ವಾದ ಎಂದು ಲೆಕ್ಕ ಹಾಕತೊಡಗಿದರೆ, ಸಮಾಧಾನ ಹೋಗಿ ಭಯ ಬಂದು ಕೂರುತ್ತದೆ. ಕಂಡದ್ದು ದೇವರ ಸ್ವಭಾವವನ್ನು ನೆನಪಿಸಿದರೆ ಸಾಕು, ನಾಳಿನ ಸುದ್ದಿಯನ್ನು ಅದು ಹೇಳಬೇಕಾಗಿಲ್ಲ.

ಅಮ್ಮನ ನೆನಪಾದರೆ ಈಗಲೂ ಅಳು ಬರುತ್ತದೆ. ಆದರೆ ಅಳುತ್ತಲೇ ಪ್ರಾರ್ಥಿಸಬಲ್ಲೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳ ಹಸಿವು ಹೇಳತೀರದು, ಸೊಪ್ಪು ಕೊಯ್ದು ತಂದು ಹಾಕುವುದರಲ್ಲೇ ಹಗಲು ಮುಗಿಯುತ್ತದೆ. ಆ ದಿನಗಳಲ್ಲಿ ಉದ್ದದ ಪ್ರಾರ್ಥನೆ ಆಗದು. ಸೊಪ್ಪಿನ ಹೊರೆ ಇಳಿಸುವಾಗ, ದುಃಖದಲ್ಲಿರುವ ಒಬ್ಬರ ಹೆಸರನ್ನು ಕರ್ತನ ಮುಂದೆ ಹೇಳುತ್ತೇನೆ.