ಒಂದು ತೋಟಾಕ್ಕೆ ಎರಡು ಎಳೆತ: ನನ್ನ ಅನುಭವ

ಖಾಲಿ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬಿ ತೋಟಾ ಮಾಡಿಕೊಳ್ಳುವುದು ನನ್ನ ಹವ್ಯಾಸ. ಹೋದ ಶೂಟಿಂಗ್ ಪಂದ್ಯದಲ್ಲಿ ಕ್ರೋನೋ (ಗುಂಡಿನ ವೇಗ ಅಳೆಯುವ ಉಪಕರಣ) ಮೇಜಿನ ಮೇಲೆ ನನ್ನ ತೋಟಾಗಳ ಪವರ್ ಫ್ಯಾಕ್ಟರ್, ಅಂದರೆ ಗುಂಡಿನ ತೂಕ ಮತ್ತು ವೇಗದ ಲೆಕ್ಕ, 129 ಚಿಲ್ಲರೆ ಬಂತು. ಮೈನರ್ ಅನ್ನುವ ಕಡಿಮೆ ಶಕ್ತಿಯ ವರ್ಗಕ್ಕೆ ಬೇಕಾದ್ದು 125. ಖುಷಿ ಅದಕ್ಕಲ್ಲ. ಹೊಡೆದ ಅಷ್ಟೂ ತೋಟಾಗಳ ವೇಗ ಸೆಕೆಂಡಿಗೆ ಇಪ್ಪತ್ತು ಅಡಿ ವ್ಯತ್ಯಾಸದ ಒಳಗೇ ಇತ್ತು. ಮೇಜಿನ ಹಿಂದಿದ್ದ ಅಜ್ಜ ಕನ್ನಡಕ ಮೇಲೆ ತಳ್ಳಿ ಯಾವ ಪ್ರೆಸ್ (ತೋಟಾ ತುಂಬುವ ಯಂತ್ರ) ಅಂತ ಕೇಳಿದರು. ಡಿಲನ್ ಕಂಪನಿಯ 550 ಅಂದೆ. ನಂಬಲಿಲ್ಲ.

ಎರಡು ವರ್ಷದ ಹಿಂದೆ ಯಾರೂ ನಂಬಿರಲಿಲ್ಲ ಬಿಡಿ. ಇಲ್ಲೇ ಅರಿಜೋನಾದ ಚಾಂಡ್ಲರ್‌ನಲ್ಲಿರುವ ಮೈಸೂರಿನ ಗೆಳೆಯ, ಅವನದ್ದು ಡಿಲನ್‌ನವರದೇ ಎಂಟು ಸ್ಟೇಷನ್ನಿನ (ಒಂದೊಂದು ಕೆಲಸಕ್ಕೆ ಒಂದೊಂದು ಜಾಗ) ಆರ್‌ಎಲ್ 1100, ನನ್ನ ಗ್ಯಾರೇಜಿಗೆ ಬಂದು ನೋಡಿ ನಕ್ಕುಬಿಟ್ಟ. "ಲೋ, ಒಂದು ಗುಂಡಿಗೆ ಎರಡು ಸಲ ಹಿಡಿ ಎಳೀತೀಯಲ್ಲೋ, ಪ್ರೋಗ್ರೆಸಿವ್ ತಗೊಂಡಿದ್ದು ಯಾಕೆ ಮತ್ತೆ?" ಹಿಡಿ ಎಳೆದ ಪ್ರತಿ ಸಲವೂ ಒಂದೊಂದು ತೋಟಾ ಸಿದ್ಧವಾಗಿ ಬೀಳುವುದೇ ಪ್ರೋಗ್ರೆಸಿವ್ ಪ್ರೆಸ್ಸಿನ ಲಾಭ.

ನಾನು ಮಡಿಕೇರಿ ಕಡೆಯವನು. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವ. ಮನೆಯ ಕೋವಿಗೆ ಅಂಗಡಿಯಿಂದ ತಂದ ತೋಟಾ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅಮೆರಿಕಕ್ಕೆ ಬಂದ ಮೇಲೂ ವೀಸಾದಲ್ಲಿದ್ದಷ್ಟು ದಿನ ಆ ಗೋಜಿಗೆ ಹೋಗಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದಿದ್ದು, ಪ್ರೈಮರ್ (ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಅಂಗಡಿಯಿಂದ ಮಾಯವಾಗಿದ್ದು, ಎರಡೂ 2020ರಲ್ಲೇ. ಸಾವಿರಕ್ಕೆ ಮೂವತ್ತು ಡಾಲರ್ ಇದ್ದದ್ದು ಎಂಬತ್ತು, ನೂರು ಅಂತ ಹೋಯಿತು. ನಾನು ಪ್ರೆಸ್ ಕೊಂಡದ್ದು ಸರಿಯಾಗಿ ಆಗಲೇ. ನನ್ನ ವ್ಯಾಪಾರಬುದ್ಧಿ ಅಷ್ಟು ಚುರುಕು!

ಮೊದಲು ತಗೊಂಡದ್ದು ಆಟೋ ಇಂಡೆಕ್ಸ್ ಇರುವ, ಅಂದರೆ ಕೇಸುಗಳನ್ನು ಹಿಡಿದ ಶೆಲ್‌ಪ್ಲೇಟ್ ತಾನೇ ತಿರುಗುವ, ಸೆಕೆಂಡ್‌ಹ್ಯಾಂಡ್ ಯಂತ್ರ. ಹೆಸರು ಬೇಡ, ಹಳೇ ಮಾಲೀಕ ಏನೆಲ್ಲ ಬಿಚ್ಚಿ ಕಟ್ಟಿದ್ದನೋ ದೇವರೇ ಬಲ್ಲ. ಶೆಲ್‌ಪ್ಲೇಟ್ ಟಕ್ಕಂತ ತಿರುಗಿ ನಿಂತರೆ ಕೇಸಿನಿಂದ ಪೌಡರ್ ಚಿಮ್ಮುತ್ತಿತ್ತು. ಎಲ್ಲರೂ ಮಾಡುವಂತೆ, ಪ್ಲೇಟನ್ನು ಜಾಗದಲ್ಲಿ ಹಿಡಿದು ನಿಲ್ಲಿಸುವ ಡಿಟೆಂಟ್ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದೆ. ಸಾಲದು ಅಂತ ಇನ್ನೊಂದು. ಅಲ್ಲಿಗೆ ಪ್ಲೇಟ್ ಸರಿಯಾದ ಜಾಗದಲ್ಲಿ ನಿಲ್ಲುವುದನ್ನೇ ಬಿಟ್ಟು, ಪ್ರೈಮರ್ ಅಡ್ಡಡ್ಡ ಕೂರಲು ಶುರುವಾಯಿತು. ಪುಣ್ಯಕ್ಕೆ ಯಾವುದೂ ಸಿಡಿಯಲಿಲ್ಲ. ಕಿನೆಟಿಕ್ ಸುತ್ತಿಗೆ ಹಿಡಿದು ನಾನೂರು ತೋಟಾ ಒಡೆದು ಬುಲೆಟ್ ಹೊರತೆಗೆದೆ. ಸುಮಾರು ಇನ್ನೂರೈವತ್ತು ಡಾಲರ್ ಕೈಬಿಟ್ಟು ಆ ಯಂತ್ರ ಮಾರಿದೆ.

ಆಮೇಲೆ ಸಿಕ್ಕಿದ್ದು ಈ 550. ನಾಲ್ಕೇ ಸ್ಟೇಷನ್, ಪ್ಲೇಟನ್ನು ಕೈಯಲ್ಲೇ ತಿರುಗಿಸಬೇಕು. ಎಂಬತ್ತರ ದಶಕದ ವಿನ್ಯಾಸ, ಇವತ್ತಿಗೂ ಮಾರಾಟವಾಗುತ್ತಿದೆ. ತಯಾರಕರು ಮುಂದೆ ಓಡುವುದನ್ನು ನೋಡಿದರೆ ತಲೆ ತಿರುಗುತ್ತದೆ. ಡಿಲನ್‌ನವರು 2019ರ ಹೊತ್ತಿಗೆ 750, 1100 ತಂದರು. ಲೀಯವರು ಆರು ಸ್ಟೇಷನ್ನಿನ ಸಿಕ್ಸ್ ಪ್ಯಾಕ್ ಪ್ರೋವನ್ನು ನಾನೂರು ಡಾಲರ್ ಆಸುಪಾಸಿಗೇ ಇಳಿಸಿದರು. ಫ್ರಾಂಕ್‌ಫರ್ಡ್ ಆರ್ಸೆನಲ್‌ನವರದು ಎಕ್ಸ್-10, ಹತ್ತು ಸ್ಟೇಷನ್. ಮಾರ್ಕ್ 7 ಕಥೆ ಇನ್ನೂ ಚೆನ್ನಾಗಿದೆ: ಡಿಲನ್ ಪ್ರೆಸ್‌ಗೆ ಮೋಟರ್ ಕೂರಿಸುತ್ತಿದ್ದವರು ಆಮೇಲೆ ತಾವೇ ಪ್ರೆಸ್ ಮಾಡಿದರು, ಕೊನೆಗೆ ಲೈಮನ್ ಕಂಪನಿಯ ಮನೆ ಸೇರಿದರು. ಮೈಕ್ ಡಿಲನ್ ಕೂಡ ಶುರುಮಾಡಿದ್ದು ಹಾಗೇ, ಹಳೇ ಸ್ಟಾರ್ ಯಂತ್ರವನ್ನು ರೈಫಲ್ ತೋಟಾಕ್ಕೆ ಒಗ್ಗಿಸುವ ಬಿಡಿಭಾಗಗಳಿಂದ. ಇನ್ನೊಬ್ಬರ ಯಂತ್ರದ ಕೊರತೆ ತುಂಬಲು ಹೋದವನೇ ಈ ಧಂಧೆಯಲ್ಲಿ ಪ್ರತಿಸ್ಪರ್ಧಿಯಾಗಿ ಎದ್ದು ನಿಲ್ಲುತ್ತಾನೆ.

ಇವರೆಲ್ಲರ ಪೈಪೋಟಿ ಸ್ಟೇಷನ್ ಲೆಕ್ಕದ ಮೇಲೆ. ನಾನು ಸ್ಟೇಷನ್ ಕೊಳ್ಳುವ ಬದಲು ಇದ್ದ ನಾಲ್ಕನ್ನೇ ಎರಡು ಸಲ ಬಳಸಿದೆ. ಅಷ್ಟೇ ನನ್ನ ವಿದ್ಯೆ. ಎರಡು ಟೂಲ್‌ಹೆಡ್, ಅಂದರೆ ಕೇಸನ್ನು ಒತ್ತಿ ರೂಪಿಸುವ ಡೈಗಳನ್ನು (ಅಚ್ಚುಗಳನ್ನು) ಹಿಡಿಯುವ, ಬದಲಾಯಿಸಬಹುದಾದ ತಲೆ. ಮೊದಲ ಸುತ್ತಿನದ್ದರಲ್ಲಿ ಡಿಕ್ಯಾಪ್ (ಹಳೇ ಪ್ರೈಮರ್ ತೆಗೆಯುವುದು), ಸೈಜಿಂಗ್ (ಕೇಸನ್ನು ಮೊದಲಿನ ಅಳತೆಗೆ ತರುವುದು) ಮಾತ್ರ. ಆ ಬ್ರಾಸ್ (ಖಾಲಿ ಕೇಸುಗಳು) ತಿರುಗಿಸಿ ತೊಳೆಯುವ ಟಂಬ್ಲರಿಗೆ ಹೋಗಿ, ಸೈಜಿಂಗ್‌ಗೆ ಸವರಿದ ಲ್ಯೂಬ್ ಕಳಕೊಂಡು ಬರುತ್ತದೆ. ಟಿವಿ ಮುಂದೆ ಕೂತು, ಪ್ರೈಮರ್ ಗುಳಿಯ ಅಂಚು ಒತ್ತಿ ಬಿಗಿದಿರುವ (ಕ್ರಿಂಪ್ ಇರುವ) ಮಿಲಿಟರಿ ಬ್ರಾಸ್ ಆರಿಸಿ ಬೇರೆ ಬಕೆಟ್ಟಿಗೆ ಹಾಕುತ್ತೇನೆ. ಎರಡನೇ ಸುತ್ತಿನಲ್ಲಿ ಪ್ರೈಮರ್, ಪೌಡರ್, ಬುಲೆಟ್, ಕೊನೆಗೆ ಕೇಸಿನ ಬಾಯಿ ಬಿಗಿಯುವ ಕ್ರಿಂಪ್. ಸೈಜಿಂಗ್ ಹೊರೆ ಇಲ್ಲದ ಕಾರಣ ಹಿಡಿ ಬೆಣ್ಣೆಯಂತೆ ಇಳಿಯುತ್ತದೆ, ಶೆಲ್‌ಪ್ಲೇಟ್ ಒಂದೇ ಕಡೆ ವಾಲುವುದಿಲ್ಲ. ತೋಟಾದ ಒಟ್ಟು ಉದ್ದ ಮೊದಲು ಎಂಟು ಥೌ (ಇಂಚಿನ ಸಾವಿರದಲ್ಲಿ ಒಂದು ಪಾಲು) ಹೆಚ್ಚುಕಡಿಮೆ ಆಗುತ್ತಿತ್ತು, ಈಗ ಮೂರು. ತೋಟಾದ ಅಳತೆ ನೋಡುವ ನೂರು ತೂತಿನ ಗೇಜಿನಲ್ಲಿ ಆರೇಳು ಪೂರ್ತಿ ಇಳಿಯದೆ ಉಳಿಯುತ್ತಿದ್ದವು, ಈಗ ಇನ್ನೂರಕ್ಕೆ ಒಂದು.

ಪ್ಲೇಟನ್ನು ಕೈಯಲ್ಲಿ ನಿಧಾನ ತಿರುಗಿಸುವುದರಿಂದ ಪೌಡರ್ ಚಿಮ್ಮುವ ಮಾತೇ ಇಲ್ಲ. ಆದರೆ ತಿರುಗಿಸುವುದು ಮರೆತರೆ ಡಬಲ್ ಚಾರ್ಜ್, ಅಂದರೆ ಒಂದೇ ಕೇಸಿಗೆ ಎರಡು ಪಾಲು ಮದ್ದು; ಬಂದೂಕೇ ಸಿಡಿದೀತು. ಅದಕ್ಕೇ ಡಬಲ್ ಆದರೆ ಕೇಸ್ ತುಂಬಿ ಹೊರಚೆಲ್ಲುವಂಥ ಪೌಡರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಪ್ರತಿ ಕೇಸಿನೊಳಗೆ ಇಣುಕದೆ ಬುಲೆಟ್ ಇಡುವುದಿಲ್ಲ. ಮಗಳು ಮಾತಾಡಿಸಲು ಗ್ಯಾರೇಜಿಗೆ ಬಂದರೆ ಮೊದಲು ಹಿಡಿಯಿಂದ ಕೈ ತೆಗೆಯುತ್ತೇನೆ.

ಸೈಜಿಂಗ್ ಡೈಯನ್ನು ಬಿಗಿಯುವ ಬಳೆಯ (ಲಾಕ್‌ರಿಂಗ್) ಕೆಳಗೆ ನಾನೊಂದು ಸಣ್ಣ ಕೆಲಸ ಮಾಡಿದ್ದೇನೆ. ಕಡಿಮೆಯಾದ ಆ ಐದು ಥೌನಲ್ಲಿ ಒಂದು ಅದರ ಪುಣ್ಯ. ಅದು ನನ್ನ ಹತ್ತಿರವೇ ಇರಲಿ. ನನ್ನ ಲ್ಯೂಬಿನ ಲ್ಯಾನೊಲಿನ್, ಆಲ್ಕೋಹಾಲ್ ಪ್ರಮಾಣವನ್ನೂ ಕೇಳಬೇಡಿ, ಹಾಳು ಮಾಡಿಕೊಂಡೇ ಕಲಿಯಿರಿ.

ಗಂಟೆಗೆ ಎಷ್ಟು? ಮೊದಲ ಸುತ್ತು ಏಳುನೂರು, ಎರಡನೆಯದು ನಾನೂರೈವತ್ತು. ಒಟ್ಟು ಹಾಕಿದರೆ ಗಂಟೆಗೆ ಇನ್ನೂರೆಪ್ಪತ್ತು ಬೀಳಬಹುದು. 1100ರ ಮುಂದೆ ಇದು ಎತ್ತಿನಗಾಡಿ, ಒಪ್ಪಿದೆ. ಆದರೆ ನನ್ನ ಬಂಡವಾಳ ಎರಡು ಟೂಲ್‌ಹೆಡ್, ಡೈ, ಟಂಬ್ಲರ್ ಎಲ್ಲ ಸೇರಿ ಎಂಟುನೂರು ಡಾಲರ್ ಒಳಗೆ. ಗೆಳೆಯನದು ಎರಡು ಸಾವಿರ ದಾಟಿ ಎಷ್ಟೋ ಆಗಿದೆ. ನಾನು ಲೆಕ್ಕ ಹಾಕಿದಾಗ ಬುಲೆಟ್ಟಿಗೆ ಒಂಬತ್ತು ಹತ್ತು ಸೆಂಟ್, ಪ್ರೈಮರ್‌ಗೆ ಏಳು, ಪೌಡರಿಗೆ ಎರಡು ಇತ್ತು. ಬ್ರಾಸ್ ರೇಂಜಿನಲ್ಲಿ ಬಗ್ಗಿ ಆರಿಸಿದ್ದು, ಸೊಂಟನೋವಿಗೆ ಬೆಲೆ ಕಟ್ಟಿಲ್ಲ. ಅಂಗಡಿ ತೋಟಾಕ್ಕಿಂತ ಆರೇಳು ಸೆಂಟ್ ಉಳಿಯುತ್ತಿತ್ತು. ವರ್ಷಕ್ಕೆ ಹನ್ನೆರಡು ಸಾವಿರ ಹೊಡೆಯುವವನಿಗೆ ಅದು ಹಣವೇ.

ನಡುವೆ ಹುಚ್ಚು ಹಿಡಿದು ಜಂಕ್‌ಯಾರ್ಡಿನಿಂದ ಕಾರಿನ ವೈಪರ್ ಮೋಟರ್ ತಂದು ಹಿಡಿಗೆ ಕಟ್ಟಿದ್ದೆ. ಮೊದಲ ಸುತ್ತಿಗೆ ಮಾತ್ರ, ಪ್ರೈಮರ್ ಹತ್ತಿರ ಬಿಟ್ಟುಕೊಂಡಿಲ್ಲ. ಒಂದು 9 ಎಂಎಂ ಕೇಸಿನೊಳಗೆ ಸಣ್ಣ .22 ಕೇಸ್ ಸಿಕ್ಕಿಕೊಂಡು ಬಂತು. ಕೈಯಾಗಿದ್ದರೆ ತಟ್ಟನೆ ಗೊತ್ತಾಗುತ್ತಿತ್ತು. ಮೋಟರ್ ಗೊರ್ ಅಂತ ಒತ್ತಿ ಡಿಕ್ಯಾಪ್ ಪಿನ್ ಮುರಿದು, ಲಿಂಕ್ ಬಗ್ಗಿಸಿ ಕೂತಿತು. ದೊಡ್ಡ ಯಂತ್ರದವರು ಕ್ಲಚ್, ಸೆನ್ಸರ್ ಅಂತ ಸಾವಿರಗಟ್ಟಲೆ ಕೇಳುವುದು ಏಕೆಂದು ಆವತ್ತು ಅರ್ಥವಾಯಿತು. 3ಡಿ ಪ್ರಿಂಟರಿನಲ್ಲಿ ಮಾಡಿದ ಬುಲೆಟ್ ಫೀಡರ್ ಡಿಸೆಂಬರಿನಲ್ಲಿ ಚೆನ್ನಾಗಿತ್ತು. ಜೂನಿನ ಅರಿಜೋನಾ ಗ್ಯಾರೇಜಿನಲ್ಲಿ ಹಪ್ಪಳದಂತೆ ಸೊಟ್ಟಗಾಯಿತು. ಬೇರೆ ಪ್ಲಾಸ್ಟಿಕ್ಕಿನಲ್ಲಿ ಇನ್ನೊಂದು ಸಲ ಮಾಡಬೇಕು.

ಆ ಕ್ರಿಂಪ್ ಬ್ರಾಸ್ ಬಕೆಟ್ಟು ಈಗ ಮೂರಾಗಿದೆ. ಆ ಕ್ರಿಂಪನ್ನು ಒತ್ತಿ ಸರಿಪಡಿಸುವ (ಸ್ವೇಜ್ ಮಾಡುವ) ಸ್ಟೇಷನ್ ನನ್ನಲ್ಲಿಲ್ಲ, ಗೆಳೆಯನ 1100ರಲ್ಲಿದೆ. ಕೇಳಿದರೆ, "ತಗೊಂಡು ಬಾರೋ, ಆದ್ರೆ ನಿನ್ನ ಲಾಕ್‌ರಿಂಗ್ ಗುಟ್ಟು ಹೇಳ್ಬೇಕು" ಅನ್ನುತ್ತಾನೆ. ಬಕೆಟ್ಟು ಇನ್ನೂ ಗ್ಯಾರೇಜಿನಲ್ಲೇ ಇವೆ.